ಪ್ರಾರ್ಥನಾ ವಿಷಯಗಳ ಪುಸ್ತಕ

ನಮ್ಮ ಕ್ರೈಸ್ತ ಸಭೆಯ ಸ್ತ್ರೀಯರ ಕೂಟಕ್ಕೆ ಸೇರಿದ ಒಂದು ನೋಟ್‌ಬುಕ್ 9 ವರ್ಷಗಳಿಂದ ನನ್ನ ಬಳಿ ಇದೆ. ಬುಧವಾರ ಸಂಜೆ ಯಾರಾದರೊಬ್ಬರ ಮನೆಯಲ್ಲಿ ಹದಿನೈದಿಪ್ಪತ್ತು ಮಂದಿ ಸೇರುತ್ತೇವೆ. ಎರಡು ಹಾಡು, ಬೈಬಲಿನಿಂದ ಒಂದು ವೇದಪಾಠ, ಚಿಕ್ಕದೊಂದು ಧ್ಯಾನ. ಆಮೇಲೆ ತಲೆಬಾಗಿಸುವ ಮುಂಚೆ ಕೂಟದ ಅಧ್ಯಕ್ಷೆ ‘ಪ್ರಾರ್ಥನಾ ವಿಷಯಗಳಿದ್ದರೆ ಹೇಳಿ’ ಎನ್ನುತ್ತಾರೆ. ಆಗ ಆ ಪುಸ್ತಕ ತೆರೆಯಬೇಕು. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳುವುದು, ಮುಂದಿನ ವಾರ ‘ಹೋದ ವಾರದ ಆ ವಿಷಯ ಏನಾಯಿತು’ ಎಂದು ಮರೆಯದೆ ಕೇಳುವುದು, ಉತ್ತರ ಸಿಕ್ಕಿದ್ದರೆ ಪಕ್ಕದಲ್ಲಿ ‘ಸ್ತೋತ್ರ’ ಎಂದು ಬರೆದು ತಾರೀಖು ಹಾಕುವುದು ಕಾರ್ಯದರ್ಶಿಯಾದ ನನ್ನ ಕೆಲಸ.

ಮಗನಿಗೆ ಕುವೈತಿನ ವೀಸಾ ಆಗಲಿ. ಸೊಸೆಗೆ ಏಳು ತಿಂಗಳು, ಹೆರಿಗೆ ಸುಸೂತ್ರವಾಗಲಿ. ಮಾಡಿನ ರಿಪೇರಿಗೆ ಸೊಸೈಟಿಯ ಸಾಲ ಮಂಜೂರಾಗಲಿ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಒಣಗಲಿ. ಮೊಮ್ಮಗ ಈ ಸಲವಾದರೂ ಪಿಯುಸಿ ಗಣಿತದಲ್ಲಿ ಪಾಸಾಗಲಿ. ಹೊರಗಿನವರ ಕಣ್ಣಿಗೆ ಇದು ತೊಂದರೆಗಳ ಪಟ್ಟಿಯಾಗಿ ಕಂಡೀತು, ಆದರೆ ಇಷ್ಟು ವರ್ಷ ಬರೆದ ಮೇಲೆ ನಾನು ಅದನ್ನು ಕನಸುಗಳ ಪುಸ್ತಕವೆಂದೇ ಓದುತ್ತೇನೆ. ಸಾಲದ ಅರ್ಜಿಯ ಹಿಂದೆ ಮಳೆಗಾಲದಲ್ಲಿ ಪಾತ್ರೆ ಇಡದೆ ಮಲಗಬಹುದಾದ ಒಂದು ಕೋಣೆ ಇರುತ್ತದೆ. ವೀಸಾದ ಹಿಂದೆ ಕಲ್ಲಿನ ಪಂಚಾಂಗದ ಮೇಲೆ ಅರ್ಧ ಎದ್ದು ನಿಂತ ಮನೆ ಇರುತ್ತದೆ. ಹೇಳುವವರ ದನಿ ಸಣ್ಣದಾಗುವುದು ಆ ಜಾಗದಲ್ಲಿಯೇ. ಮೊದಲ ಸಲ ಕೂಟಕ್ಕೆ ಬಂದವರಂತೂ ವಿಷಯ ಹೇಳಿ ಮುಗಿಸುವಷ್ಟರಲ್ಲಿ ಸೆರಗಿನ ತುದಿಯನ್ನು ಎರಡು ಸಲ ಸುತ್ತಿ ಬಿಚ್ಚಿರುತ್ತಾರೆ.

ಆದರೆ ಪುಸ್ತಕದಲ್ಲಿ ಬರೆಸಬಹುದಾದ ಕನಸುಗಳಿಗೆ ಒಂದು ಅಳತೆಯಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳಿಲ್ಲ. ಕೆಲಸ, ಮದುವೆ, ಮಗು, ಮನೆ, ಆರೋಗ್ಯ ಆ ಅಳತೆಗೆ ಒಗ್ಗುತ್ತವೆ. ಐವತ್ತೆರಡು ವರ್ಷದ ಒಬ್ಬಾಕೆ ಈಜು ಕಲಿಯಬೇಕೆಂದಿದ್ದಾಳೆ, ಅದಕ್ಕಾಗಿ ಪ್ರಾರ್ಥಿಸೋಣ ಎಂದು ನಾನು ಈವರೆಗೆ ಬರೆದಿಲ್ಲ. ಕವಿತೆ ಬರೆಯುವವಳ ಕವಿತೆ, ಗಂಡ ತೀರಿಕೊಂಡ ಮೇಲೆ ಓದು ಮುಂದುವರಿಸಬೇಕೆಂದವಳ ಓದು ಎಲ್ಲವೂ ಕೂಟ ಮುಗಿದು ಚಹಾ ಕುಡಿಯುವಾಗ ಅಡುಗೆಮನೆಯ ಬಾಗಿಲಲ್ಲಿ, ಅದೂ ಅರ್ಧ ನಗುತ್ತ ಹೇಳುವ ಮಾತುಗಳಾಗಿಯೇ ಉಳಿದಿವೆ. ಇನ್ನೊಬ್ಬರ ಮಾತೇಕೆ, ಪುಸ್ತಕ ನನ್ನ ಕೈಯಲ್ಲೇ ಇದ್ದರೂ ನನ್ನ ಕನಸನ್ನು ಅದರಲ್ಲಿ ಬರೆಯಲು ನನಗೆ 7 ವರ್ಷ ಬೇಕಾಯಿತು.

ನಾನು ಹುಟ್ಟಿದ್ದು ಮಂಗಳೂರಿನಲ್ಲಿ, ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಶನ್ ಎಂಬ ಪ್ರೊಟೆಸ್ಟಂಟ್ ಸಂಸ್ಥೆಯ ಪರಂಪರೆಯ ಮನೆಯಲ್ಲಿ. ನಮ್ಮಂಥ ಮನೆಗಳ ಕಥೆ ಹೇಳಬೇಕಾದರೆ ಹಂಚಿನ ಕಥೆ ಹೇಳದೆ ಆಗುವುದಿಲ್ಲ. 1834ರಲ್ಲಿ ಸ್ಯಾಮುವೆಲ್ ಹೆಬಿಕ್ ಮತ್ತು ಇನ್ನಿಬ್ಬರು ಮಿಶನರಿಗಳು ಮಂಗಳೂರಿಗೆ ಬಂದಿಳಿದ ಮೇಲೆ ದೀಕ್ಷಾಸ್ನಾನ ತೆಗೆದುಕೊಂಡವರಲ್ಲಿ ಬಹಳ ಮಂದಿ ಬಿಲ್ಲವರು. ಅವರಲ್ಲಿ ಅನೇಕರ ಕಸುಬು ತಾಳೆ, ತೆಂಗಿನ ಮರ ಹತ್ತಿ ಕಳ್ಳು ಇಳಿಸುವುದು. ಸಭೆ ಆ ಕಸುಬನ್ನು ಒಪ್ಪಲಿಲ್ಲ, ಜಾತಿಯವರು ಮನೆಯೊಳಗೆ ಸೇರಿಸಲಿಲ್ಲ, ಒಕ್ಕಲು ಮಾಡಿಕೊಂಡಿದ್ದ ಭೂಮಿಯೂ ಕೆಲವರ ಕೈತಪ್ಪಿತು. ಹೊಸ ವಿಶ್ವಾಸಕ್ಕೆ ಬಂದವನಿಗೆ ಮರುದಿನದ ಗಂಜಿಗೆ ದಾರಿ ಯಾವುದು ಎಂಬ ಪ್ರಶ್ನೆಗೆ ಉತ್ತರವಾಗಿ ನೇಯ್ಗೆಯ ಕಾರ್ಖಾನೆ ಬಂತು, ಮುದ್ರಣಾಲಯ ಬಂತು, 1865ರಲ್ಲಿ ಜೆಪ್ಪುವಿನಲ್ಲಿ ಗಿಯೋರ್ಗ್ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಆರಂಭಿಸಿದರು. ನೇತ್ರಾವತಿಯ ದಂಡೆಯ ಜೇಡಿಮಣ್ಣು ಮಂಗಳೂರು ಹಂಚಾಗಿ ಹಡಗೇರಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಆ ಹಂಚಿನ ಅಡಿಯಲ್ಲಿ ಒಂದು ಇಡೀ ಸಮುದಾಯ ಕೂಲಿ, ವಸತಿ, ಗಂಟೆಯ ಶಿಸ್ತು ಮತ್ತು ಭಾನುವಾರದ ಆರಾಧನೆಯನ್ನು ಒಟ್ಟಿಗೆ ಕಲಿಯಿತು ಎಂಬುದು ಅಷ್ಟಾಗಿ ಗೊತ್ತಿಲ್ಲ. ನನ್ನ ಅಜ್ಜನ ಅಪ್ಪ ಮರದಿಂದ ಇಳಿದು ಹಂಚಿನ ಗೂಡಿನ ಬಾಯಿಗೆ ಬಂದವರು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾಗಿ, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದ ಮೇಲೆ ಅದೇ ಗೂಡುಗಳ ಮುಂದೆ ನನ್ನ ಅಜ್ಜ ಕೆಲಸಕ್ಕೆ ನಿಂತರು, ನಿವೃತ್ತರಾಗುವವರೆಗೂ ಅಲ್ಲೇ ಇದ್ದರು.

ಅಜ್ಜ ಬೇಸ್, ಅಂದರೆ ಗಂಡಸರ ಕೆಳಗಿನ ದನಿ, ಹಾಡುತ್ತಿದ್ದರು. ಮನೆಯಲ್ಲಿ ತುಳು, ಪ್ರಾರ್ಥನೆಗೆ ಕನ್ನಡ, ಹಾಡಿಗೆ ಕೊರಾಲ್ ಎಂಬ ಜರ್ಮನ್ ಆರಾಧನಾ ಗೀತೆಗಳ ರಾಗ. ಮೂರೂ ಒಂದೇ ನಾಲಿಗೆಯಲ್ಲಿ ಜಗಳವಿಲ್ಲದೆ ಇದ್ದವು. ನಮ್ಮ ಸಭೆಗಳಲ್ಲಿ ನಾಲ್ಕು ಸ್ವರದಲ್ಲಿ ಹಾಡುವ ರೂಢಿ ಮಿಶನ್ ಕಾಲದಿಂದ ಬಂದದ್ದು. ಹೆಂಗಸರ ಮೇಲಿನ, ಕೆಳಗಿನ ದನಿಗಳಾದ ಸೊಪ್ರಾನೊ, ಆಲ್ಟೊ, ಗಂಡಸರ ಮೇಲಿನ, ಕೆಳಗಿನ ದನಿಗಳಾದ ಟೆನರ್, ಬೇಸ್ ಎಂಬ ಶಬ್ದಗಳು ಕಾರ್ಖಾನೆಯ ಕೂಲಿಯವರ ಮನೆಗಳಲ್ಲಿಯೂ ಉಪ್ಪು ಮೆಣಸಿನಷ್ಟು ಬಳಕೆಯಲ್ಲಿದ್ದವು. ಅಜ್ಜ ಮಧ್ಯಾಹ್ನದ ಪಾಳಿ ಮುಗಿಸಿ, ಕೈಯ ಕೆಂಪು ಮಣ್ಣನ್ನು ಬಾವಿಯ ಕಟ್ಟೆಯಲ್ಲಿ ತಿಕ್ಕಿ ತೊಳೆಯುತ್ತ ಬೇಸ್ ಸ್ವರವನ್ನು ಗುನುಗುತ್ತಿದ್ದರೆ ರಾಟೆಯ ಕಿರಗುಟ್ಟುವಿಕೆಯ ಜೊತೆ ಅದು ಬೆರೆಯುತ್ತಿತ್ತು.

ನನಗೆ ಆಲ್ಟೊ ಕಲಿಸಿದವರೂ ಅವರೇ. ಆಲ್ಟೊ ಹಾಡಿದವರಿಗೆ ಗೊತ್ತು, ಅದನ್ನು ಒಂಟಿಯಾಗಿ ಹಾಡಿದರೆ ಹಾಡಿನಂತೆಯೇ ಕೇಳುವುದಿಲ್ಲ. ಒಂದೇ ಸ್ವರದ ಮೇಲೆ ಐದಾರು ಅಕ್ಷರ ನಿಲ್ಲಬೇಕು, ಅರ್ಧ ಮೆಟ್ಟಿಲು ಇಳಿಯಬೇಕು, ಮತ್ತೆ ಹೊರಟಲ್ಲಿಗೇ ಬರಬೇಕು. ಶನಿವಾರ ಸಂಜೆ ಚಾವಡಿಯ ಕಂಬಕ್ಕೆ ಒರಗಿ ನಾನು ಅಭ್ಯಾಸ ಮಾಡುತ್ತಿದ್ದರೆ, ಅಡುಗೆಮನೆಯಿಂದ ಅಜ್ಜಿ ‘ಎಂತ ರಾಗ ಅದು, ಹಾಡೇ ಮರೆತುಹೋಯಿತಾ ನಿನಗೆ’ ಎಂದು ಕೇಳುತ್ತಿದ್ದರು. ಮರುದಿನ ದೇವಾಲಯದಲ್ಲಿ ಅದೇ ಸ್ವರವನ್ನು ಎತ್ತಿಕೊಂಡಾಗ ಎಡಗಡೆಯಿಂದ ಸೊಪ್ರಾನೊ, ಹಿಂದಿನಿಂದ ಗಂಡಸರ ದನಿ ಬಂದು ಸುತ್ತ ನಿಂತುಬಿಡುತ್ತಿತ್ತು. ನಿನ್ನೆ ಚಾವಡಿಯಲ್ಲಿ ಅರ್ಥವಿಲ್ಲದೆ ಅಲೆದಾಡಿದ ಸ್ವರಕ್ಕೆ ಒಮ್ಮೆಲೇ ನೆಲ, ಗೋಡೆ, ಮಾಡು ಸಿಕ್ಕಿದಂತಾಗುತ್ತಿತ್ತು. ವಿಶ್ವಾಸ ಎಂದರೆ ಏನು ಎಂಬ ಪ್ರಶ್ನೆಗೆ ಆ ವಯಸ್ಸಿನಲ್ಲಿ ನನಗೆ ದೊರೆತ ಮೊದಲ ಉತ್ತರ ಇದೇ. ಉಪದೇಶಗಳು ಆಮೇಲೆ ಬಂದವು.

17ನೆಯ ವಯಸ್ಸಿನಲ್ಲಿ ಸಂಗೀತವನ್ನೇ ಓದಬೇಕು, ಸಭೆಗಳ ಗಾಯನ ವೃಂದಗಳಿಗೆ ಕಲಿಸುವವಳಾಗಬೇಕು ಎಂದು ನಿಶ್ಚಯಿಸಿದೆ. ದೂರದ ಊರೊಂದರಲ್ಲಿ ಸೀಟೂ ಸಿಕ್ಕಿತು. ಅಪ್ಪನ ಸಂಬಳದಲ್ಲಿ ಶುಲ್ಕ ಹೊಂದಿಸಲು ಸಾಧ್ಯವಿರಲಿಲ್ಲ. ಸಹಾಯ ಮಾಡಿಸುತ್ತೇವೆ ಎಂದು ಹಿರಿಯರೊಬ್ಬರು ಮಾತು ಕೊಟ್ಟಿದ್ದರು. ಕೊನೆಯ ದಿನಾಂಕಕ್ಕೆ ಎರಡು ದಿನವಿರುವಾಗ ಆ ಹಣ ಬೇರೆ ಕಡೆಗೆ ಹೋಯಿತೆಂದು ತಿಳಿಯಿತು. ಅವರ ಮನೆಯ ಮೆಟ್ಟಿಲಲ್ಲಿ ಅಪ್ಪ ಮತ್ತು ನಾನು ನಿಂತಿದ್ದೆವು, ಅಪ್ಪ ಚಪ್ಪಲಿ ಕಳಚಿರಲಿಲ್ಲ, ಒಳಗೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುತ್ತಿದ್ದರು. ಅವರು ಹೊರಬಂದು ಹೇಳಿದ್ದು ಒಂದೇ ಮಾತು: ‘ಕರ್ತನ ಚಿತ್ತವಿಲ್ಲ ಎಂದು ಕಾಣುತ್ತದೆ.’

ಆ ಮಾತಿನ ಬಗ್ಗೆ ಒಂದಿಷ್ಟು ಹೇಳಲೇಬೇಕು. ‘ನಿನ್ನ ಚಿತ್ತವು ನೆರವೇರಲಿ’ ಎಂಬುದನ್ನು ನಾವು ಮಾತು ಬರುವ ಮುಂಚೆಯೇ ಕಲಿತವರು. ಅದು ಬೇಡುವವನು ತನ್ನ ಬಾಯಿಂದ, ತನ್ನ ಎದೆಯ ಮೇಲೆ ಭಾರ ಹೊತ್ತು ಹೇಳಬೇಕಾದ ಮಾತು. ಗೆತ್ಸೇಮನೆಯ ತೋಟದಲ್ಲಿ ಬೆವರು ಸುರಿಸುತ್ತ ಯೇಸು ಹೇಳಿದ್ದು ಹಾಗೆಯೇ. ಇನ್ನೊಬ್ಬನ ಕನಸು ಮುರಿದುಬಿದ್ದಾಗ, ಮುರಿಯುವುದರಲ್ಲಿ ನಮ್ಮ ಕೈಯೂ ಇದ್ದಾಗ, ಅದನ್ನು ಅವನ ಮುಂದೆ ಹೇಳುವ ಹಕ್ಕು ನಮಗಿದೆಯೆಂದು ನಾನು ನಂಬುವುದಿಲ್ಲ. ಅರಸನಾದ ದಾವೀದನಿಗೆ ದೇವಾಲಯ ಕಟ್ಟಬೇಕೆಂಬ ಆಸೆಯಿತ್ತು, ಆದರೆ ಕಟ್ಟಿದ್ದು ಅವನ ಮಗ ಸೊಲೊಮೋನ. ಅವನ ಕೋರಿಕೆಯನ್ನು ನಿರಾಕರಿಸುವಾಗಲೂ ದೇವರು, ಇಂಥ ಆಲೋಚನೆ ನಿನ್ನ ಮನಸ್ಸಿನಲ್ಲಿ ಹುಟ್ಟಿದ್ದು ಒಳ್ಳೆಯದೇ ಎಂದನೆಂದು ಅರಸುಗಳ ಮೊದಲನೆಯ ಪುಸ್ತಕದ ಎಂಟನೆಯ ಅಧ್ಯಾಯ ಹೇಳುತ್ತದೆ. ಅಪ್ಪನ ಜೊತೆ ಆ ಮೆಟ್ಟಿಲು ಇಳಿಯುವಾಗ ನನಗೆ ಬೇಕಾಗಿದ್ದದ್ದು ಅಷ್ಟೇ ಒಂದು ಮಾತು. ಹಣದ ಮಾತು ಬೇರೆ.

ಬಿ.ಕಾಂ. ಮುಗಿಸಿ ಬೆಂಗಳೂರಿಗೆ ಹೋದೆ, ಲೆಕ್ಕಪತ್ರದ ಕೆಲಸ ಸಿಕ್ಕಿತು, ಹದಿನಾರು ವರ್ಷ ಅಲ್ಲಿದ್ದೆ. ಮೊದಲ ಭಾನುವಾರಗಳಲ್ಲಿ ಕನ್ನಡ ಆರಾಧನೆ ಹುಡುಕಿಕೊಂಡು ಕಾರ್ಪೊರೇಶನ್ ವೃತ್ತದ ಹಡ್ಸನ್ ಸ್ಮಾರಕ ದೇವಾಲಯಕ್ಕೆ ಹೋದದ್ದು ನೆನಪಿದೆ. 1904ರಲ್ಲಿ ಕಟ್ಟಿದ ಕಲ್ಲಿನ ಆ ಕಟ್ಟಡದ ಸುತ್ತ ಬಸ್ಸುಗಳ ಹಾರ್ನು ಕ್ಷಣವೂ ನಿಲ್ಲುವುದಿಲ್ಲ. ಒಳಗೆ ಮೈಸೂರು ಸೀಮೆಯ ಕನ್ನಡದಲ್ಲಿ ಬಿನ್ನಹಗಳು ನಡೆಯುತ್ತಿರುತ್ತವೆ. ಅಲ್ಲಿಯ ಹಿನ್ನೆಲೆ ಇಂಗ್ಲೆಂಡಿನ ವೆಸ್ಲಿಯನ್ ಮಿಶನ್, ನಮ್ಮದು ಬಾಸೆಲ್; ಹಾಡುಗಳು ಕೆಲವು ಒಂದೇ, ರಾಗ ಬೇರೆ. ಗೊತ್ತಿರುವ ಪದಗಳಿಗೆ ಗೊತ್ತಿಲ್ಲದ ರಾಗ ಬಂದಾಗ ಬಾಯಿ ತೆರೆದುಕೊಂಡೇ ನಿಂತುಬಿಡುತ್ತಿದ್ದೆ. ಗಾಯನ ವೃಂದಕ್ಕೆ ಸೇರಿ ಎಂದು ಕರೆದವರಿದ್ದರು. ಸೇರಲಿಲ್ಲ. ಆ ವರ್ಷಗಳಲ್ಲಿ ನನ್ನ ಕನಸಿನ ಮೇಲೆ ನನಗಿದ್ದದ್ದು ಮುನಿಸು, ಮುನಿಸಿಕೊಂಡವರು ಹಾಡುವುದಿಲ್ಲ.

ಅದೇ ಕಾಲದಲ್ಲಿ ದೊಡ್ಡ ಮೈದಾನಗಳ ಕೂಟಗಳಿಗೂ ಹೋಗಿ ಬಂದೆ. ನಿನ್ನ ಕನಸನ್ನು ದೇವರು ಖಂಡಿತ ನೆರವೇರಿಸುತ್ತಾನೆ, ಯೋಸೇಫನ ಕನಸು ನೆರವೇರಲಿಲ್ಲವೇ ಎಂದು ವೇದಿಕೆಯಿಂದ ಕೇಳಿದಾಗ ಸಾವಿರಾರು ಕೈಗಳು ಮೇಲೇಳುತ್ತಿದ್ದವು. ನನ್ನ ಕೈಯೂ ಎದ್ದದ್ದುಂಟು. ರೂಮಿಗೆ ಬಂದು ಆದಿಕಾಂಡವನ್ನು ತೆರೆದು ಓದಿದಾಗ ವೇದಿಕೆಯವರು ದಾಟಿಹೋದ ಅಧ್ಯಾಯವೊಂದು ಕಣ್ಣಿಗೆ ಬಿತ್ತು. ಸೂರ್ಯ, ಚಂದ್ರ, ಹನ್ನೊಂದು ನಕ್ಷತ್ರಗಳು ತನಗೆ ಅಡ್ಡಬಿದ್ದ ಕನಸನ್ನು ಅಣ್ಣಂದಿರ ಮುಂದೆ ಹೇಳಿಕೊಂಡು ಅವರ ದ್ವೇಷ ಕಟ್ಟಿಕೊಂಡಾಗ ಯೋಸೇಫನ ವಯಸ್ಸು 17. ಫರೋಹನ ಮುಂದೆ ನಿಂತಾಗ 30. ನಡುವಿನ 13 ವರ್ಷಗಳಲ್ಲಿ ಗುಂಡಿ, ಮಾರಾಟ, ಸುಳ್ಳು ಅಪವಾದ, ಸೆರೆಮನೆ. ನಲವತ್ತನೆಯ ಅಧ್ಯಾಯದಲ್ಲಿ ಸೆರೆಮನೆಯ ಒಂದು ಬೆಳಗಿನ ಚಿತ್ರವಿದೆ: ಅರಸನ ಪಾನದಾಯಕನೂ ರೊಟ್ಟಿಗಾರನೂ ಕನಸು ಕಂಡು ಕಳವಳಗೊಂಡಿದ್ದಾರೆ, ಯೋಸೇಫನು ಅವರ ಮುಖ ನೋಡಿ, ಈ ದಿನ ನಿಮ್ಮ ಮುಖ ಯಾಕೆ ಬಾಡಿದೆ ಎಂದು ಕೇಳುತ್ತಾನೆ.

ಆ ಒಂದು ಪ್ರಶ್ನೆಯ ಮುಂದೆ ನಾನು ಬಹಳ ಹೊತ್ತು ಕುಳಿತಿದ್ದೆ. ತನ್ನ ಕನಸಿನ ಕಾರಣಕ್ಕೇ ಸರ್ವನಾಶವಾದವನು, ಕನಸು ಎಂಬ ಶಬ್ದ ಕಿವಿಗೆ ಬಿದ್ದರೆ ಮುಖ ತಿರುಗಿಸುವಷ್ಟು ಕಾರಣವಿದ್ದವನು, ಇನ್ನಿಬ್ಬರ ಕನಸನ್ನು ಕೂತು ಕೇಳಿದ. ಅವನು ಅರಮನೆಯನ್ನು ತಲುಪಿದ್ದು ಆ ಕೇಳುವಿಕೆಯ ದಾರಿಯಿಂದಲೇ. ತನ್ನ ಕನಸನ್ನು ಮತ್ತೆ ಮತ್ತೆ ಘೋಷಿಸಿದ್ದರಿಂದ ತಲುಪಿದನೆಂದು ವೇದ ಎಲ್ಲಿಯೂ ಹೇಳುವುದಿಲ್ಲ. ಅದೂ ತಕ್ಷಣ ಆದದ್ದಲ್ಲ. ಬಿಡುಗಡೆಯಾದ ಪಾನದಾಯಕ ಅವನನ್ನು ಎರಡು ವರ್ಷ ಮರೆತೇಬಿಟ್ಟಿದ್ದ. ನಾನಾದರೋ ಇನ್ನೊಬ್ಬರ ಬಾಡಿದ ಮುಖವನ್ನು ನೋಡಿಯೇ ಇರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಒಬ್ಬಂಟಿಯಾದರು, ನಾನು ಊರಿಗೆ ಮರಳಿದೆ. ಅಪ್ಪನ ಮಣ್ಣಿನ ದಿನ ಒಂದು ಸಂಗತಿ ನಡೆಯಿತು. ಸಾವಿನ ಮನೆಗೆ ಗಾಯನ ವೃಂದ ಬಂದು ಹಾಡುವುದು ನಮ್ಮಲ್ಲಿ ರೂಢಿ. ಪೆಟ್ಟಿಗೆಯ ಸುತ್ತ ನಿಂತು, ಬಂದುಹೋಗುವವರ ನಡುವೆ, ಗಂಟೆಗಟ್ಟಲೆ ಹಾಡುತ್ತಾರೆ. ಅಜ್ಜ ತೀರಿದಾಗ ಅಂಗಳದಲ್ಲಿ ಹನ್ನೆರಡು ಗಂಡಸರ ದನಿಯಿತ್ತು. ಅಪ್ಪನಿಗೆ ಹಾಡಲು ಆರು ಹೆಂಗಸರು, ಇಬ್ಬರು ಹುಡುಗರು ಮತ್ತು ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಬಂದಿದ್ದರು. ಮಿಕ್ಕವರು ಕೊಲ್ಲಿಯಲ್ಲಿ, ಬೆಂಗಳೂರಿನಲ್ಲಿ, ಇಲ್ಲವೇ ದೇವಾಲಯದ ಹಿಂದಿನ ಸ್ಮಶಾನದಲ್ಲಿ. ಬೇಸ್ ಹಾಡುವವರು ಆ ಹಿರಿಯ ಕಂಡಕ್ಟರ್ ಒಬ್ಬರೇ. ಎರಡನೆಯ ಚರಣದಲ್ಲಿ ಅವರಿಗೆ ಕೆಮ್ಮು ಬಂತು, ಅವರು ನಿಲ್ಲಿಸಿದರು, ಹಾಡಿನ ಅಡಿ ಕಳಚಿದ ಹಾಗೆ ಉಳಿದವರ ದನಿಗಳು ಮೇಲಕ್ಕೆ ತೇಲಿದವು. ಅಪ್ಪನನ್ನು ಕಳೆದುಕೊಂಡದ್ದು ನನಗೆ ಅರ್ಥವಾದದ್ದು ಆ ಕ್ಷಣದಲ್ಲಿ, ಆ ಖಾಲಿ ಜಾಗದಲ್ಲಿ. ನಾನು ಏನು ಮಾಡುತ್ತಿದ್ದೇನೆಂದು ತಿಳಿಯುವ ಮುಂಚೆಯೇ ಆಲ್ಟೊ ಹಾಡತೊಡಗಿದ್ದೆ. ಇಪ್ಪತ್ತು ವರ್ಷಗಳ ಬಳಿಕ.

ಸ್ತ್ರೀಯರ ಕೂಟದ ಪುಸ್ತಕ ನನ್ನ ಕೈಗೆ ಬಂದದ್ದು ಅದಾಗಿ ಕೆಲವು ತಿಂಗಳಿಗೆ. ಬೆಂಗಳೂರಿನಲ್ಲಿ ಲೆಕ್ಕ ಬರೆದವಳು, ಅಕ್ಷರವೂ ಚೆನ್ನಾಗಿದೆ ಎಂದು ಒಪ್ಪಿಸಿದರು. ಆ ಬುಧವಾರಗಳಲ್ಲಿ ನಾನು ಕಲಿತದ್ದನ್ನು ಯಾವ ಉಪದೇಶದಿಂದಲೂ ಕಲಿತಿರಲಿಲ್ಲ. ಮಗನ ವೀಸಾಕ್ಕಾಗಿ ಪ್ರಾರ್ಥಿಸಿ ಎಂದವಳು ಆ ವೀಸಾ ಬಂದ ವಾರ ‘ಸ್ತೋತ್ರ’ ಎಂದು ಬರೆಸುವಾಗ ಅತ್ತಳು, ಏಕೆಂದರೆ ಮನೆ ಇನ್ನು ಖಾಲಿ. ಮಗುವಿಗಾಗಿ ನಾಲ್ಕು ವರ್ಷ ಬರೆಸಿದವಳು ಐದನೆಯ ವರ್ಷ ಬರೆಸುವುದನ್ನು ಬಿಟ್ಟಳು. ಆದರೆ ಪ್ರತಿ ವಾರ ಬಂದು ಇನ್ನೊಬ್ಬಳ ಮಗುವಿನ ಜ್ವರಕ್ಕಾಗಿ ಪ್ರಾರ್ಥಿಸುತ್ತಾಳೆ. ಪುಸ್ತಕದ ಬಲಗಡೆಯ ಅಂಚಿನಲ್ಲಿ ‘ಸ್ತೋತ್ರ’ ಇಲ್ಲದ ಸಾಲುಗಳು ಬಹಳ ಇವೆ, ಅವುಗಳನ್ನು ನಾನು ಹೊಡೆದುಹಾಕುವುದಿಲ್ಲ. ದೇವರು ಉತ್ತರಿಸಲಿಲ್ಲ ಎನ್ನಲು ನನಗೆ ಮನಸ್ಸಿಲ್ಲ, ಉತ್ತರಿಸಿದನೆಂದು ಸುಳ್ಳು ಬರೆಯಲೂ ಕೈ ಬರುವುದಿಲ್ಲ. ಆ ಸಾಲುಗಳನ್ನು ಬರೆಸಿದವರು ಇನ್ನೂ ಕೂಟಕ್ಕೆ ಬರುತ್ತಿದ್ದಾರೆ ಎಂಬುದನ್ನು ಮಾತ್ರ ನಾನು ಕಂಡಿದ್ದೇನೆ, ಮತ್ತು ನನ್ನ ವಿಶ್ವಾಸ ಕದಲಿದ ದಿನಗಳಲ್ಲಿ ಅದರ ಮೇಲೆಯೇ ಕೈಯೂರಿ ನಿಂತಿದ್ದೇನೆ.

ಸಭೆಯೆಂದರೆ ಇಷ್ಟೇ ಎಂದು ತಿಳಿಯಬಾರದು. ಚುನಾವಣೆಯ ವರ್ಷಗಳಲ್ಲಿ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕುಳಿತ ಸಂಬಂಧಿಕರು ಪರಸ್ಪರ ಮುಖ ನೋಡುವುದಿಲ್ಲ. ಜಾಗದ ತಕರಾರು, ಲೆಕ್ಕದ ತಕರಾರು, ಯಾರ ಕುಟುಂಬ ಮೊದಲು ಕ್ರೈಸ್ತರಾದದ್ದು ಎಂಬ ತಕರಾರು ಕೂಡ ಇದೆ. ಇವು ನನ್ನನ್ನು ನೋಯಿಸುತ್ತವೆ. ಆದರೆ ಬೆಳೆ ಹಬ್ಬದ ದಿನ ಅದೇ ಜನ ದೇವಾಲಯದ ಅಂಗಳದಲ್ಲಿ ಏಲಂಗೆ ನಿಂತಾಗ, ಯಾರದೋ ಹಿತ್ತಲಿನ ಒಂದು ಮುಳ್ಳುಸೌತೆಯನ್ನು ಒಬ್ಬರು 500 ರೂಪಾಯಿಗೆ ಕೂಗಿ ಕೊಂಡು ತಿರುಗಿ ಮೇಜಿನ ಮೇಲಿಟ್ಟು, ಇನ್ನೊಬ್ಬರು ಅದನ್ನೇ 700ಕ್ಕೆ ಕೊಂಡು ಮತ್ತೆ ಮೇಜಿನ ಮೇಲಿಟ್ಟು, ಕೊನೆಗೆ ಅದು ನಡೆಯಲಾರದ ಒಬ್ಬ ಮುದುಕಿಯ ಮಡಿಲು ಸೇರಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಎರಡೂ ಒಂದೇ ಸಭೆ.

ಎರಡು ವರ್ಷಗಳ ಹಿಂದೆ, ಆಟಿಯ ಮಳೆ ಸುರಿಯುತ್ತಿದ್ದಾಗ, ಅಟ್ಟದ ಮೇಲೆ ಸೋರುವ ಹಂಚನ್ನು ಬದಲಿಸಲು ಹತ್ತಿದವನು ಮೂಲೆಯಲ್ಲಿದ್ದ ಒಂದು ತಗಡಿನ ಪೆಟ್ಟಿಗೆಯನ್ನು ಕೆಳಗಿಳಿಸಿ ಕೊಟ್ಟ. ಅದರಲ್ಲಿ ಅಜ್ಜನ ದೀಕ್ಷಾಸ್ನಾನದ ಚೀಟಿ, ಬೈಂಡು ಕಿತ್ತ ಸಂಗೀತ ಪುಸ್ತಕ ಮತ್ತು ಕಾರ್ಖಾನೆಯ ಒಂದು ರಿಜಿಸ್ಟರ್ ಇದ್ದವು. ರಿಜಿಸ್ಟರಿನ ಪುಟದಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ತಲೆಬರಹಗಳು: ಗೂಡಿನ ಸಂಖ್ಯೆ, ಹಂಚಿನ ಲೆಕ್ಕ, ಒಡೆದ ಹಂಚಿನ ಲೆಕ್ಕ. ಆ ಮನೆಗಳ ಮೇಲೆಯೇ ಅಜ್ಜ ಸ್ಕೇಲಿಟ್ಟು ಐದೈದು ಗೆರೆ ಎಳೆದು, ನೇರಳೆ ಬಣ್ಣದ ಕಾಪಿಯಿಂಗ್ ಪೆನ್ಸಿಲಿನಲ್ಲಿ ಬೇಸ್ ಸ್ವರಗಳನ್ನು ಬರೆದಿದ್ದರು, ಕೆಳಗೆ ಕನ್ನಡದ ಸಾಲು. ಪೆನ್ಸಿಲಿನ ಮೊನೆಯನ್ನು ನಾಲಿಗೆಗೆ ತಾಗಿಸಿದ ಜಾಗದಲ್ಲಿ ಅಕ್ಷರ ಗಾಢವಾಗಿದೆ, ಮುಂದೆ ಹೋದಂತೆ ತೆಳುವಾಗಿದೆ. 61 ರಾಗಗಳಿದ್ದವು. ಸಂಗೀತ ಕಲಿಸುವವಳಾಗಬೇಕೆಂದಿದ್ದ ನನಗೆ ಗೊತ್ತಿರಲಿಲ್ಲ, ಮಣ್ಣು ಮೆತ್ತಿದ ಕೈಯವರೊಬ್ಬರು ಅರ್ಧ ಕೆಲಸವನ್ನು ಮಾಡಿಟ್ಟೇ ಹೋಗಿದ್ದರು.

ಮುಂದಿನ ಬುಧವಾರ ‘ಪ್ರಾರ್ಥನಾ ವಿಷಯಗಳಿದ್ದರೆ ಹೇಳಿ’ ಎಂದಾಗ ಬರೆಯುವವಳೇ ಹೇಳಿದೆ. ನಮ್ಮ ಹಳೆಯ ರಾಗಗಳ ನಾಲ್ಕೂ ಸ್ವರಗಳನ್ನು ಬರೆದಿಡಬೇಕು, ಮಕ್ಕಳಿಗೆ ಕಲಿಸಬೇಕು, ಇದು ನನ್ನ ಬಹಳ ಹಳೆಯ ಆಸೆ. ಹೇಳುವಾಗ ನನ್ನ ದನಿಯೂ ಸಣ್ಣದಾಯಿತು. ಯಾರೂ ನಗಲಿಲ್ಲ. ಮೂಲೆಯಲ್ಲಿದ್ದ ಎಂಬತ್ಮೂರರ ದೊಡ್ಡಮ್ಮನೊಬ್ಬರು ತಲೆಬಾಗಿಸದೆ, ಕಣ್ಣು ಮುಚ್ಚದೆ, ಒಂದು ಹಾಡಿನ ಆಲ್ಟೊವನ್ನು ಆರಂಭದಿಂದ ಕೊನೆಯವರೆಗೆ ಹಾಡಿಬಿಟ್ಟರು. ಅವರಿಗೆ ಐದು ಗೆರೆಗಳ ಲಿಪಿ ಓದಲು ಬರುವುದಿಲ್ಲ. ಹತ್ತನೆಯ ವಯಸ್ಸಿನಲ್ಲಿ ಅಕ್ಕನ ಪಕ್ಕ ನಿಂತು ಕೇಳಿ ಕಲಿತದ್ದು. ಇದನ್ನು ಯಾರೂ ಇಷ್ಟು ದಿನ ಕೇಳಲಿಲ್ಲವಲ್ಲ ಎಂದರು, ಅಷ್ಟೆ. ಆ ಮಾತು ನನಗೆ ಚುಚ್ಚಿತು, ಏಕೆಂದರೆ ವಾರ ವಾರ ಅವರ ಮೊಣಕಾಲಿನ ನೋವನ್ನು ಬರೆದುಕೊಂಡವಳು ನಾನೇ.

ಈಗ ಶನಿವಾರ ಸಂಜೆ ಐದಕ್ಕೆ ಸೇರುತ್ತೇವೆ. ದೊಡ್ಡಮ್ಮ ಹಾಡುತ್ತಾರೆ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ರಾತ್ರಿ ನಾನು ಬರೆಯುತ್ತೇನೆ. ಕಂಡಕ್ಟರರು ಅಜ್ಜನ ರಿಜಿಸ್ಟರಿನ ಬೇಸನ್ನು ಒಪ್ಪಿಕೊಳ್ಳುತ್ತಾರೆ, ಕೆಲವು ಕಡೆ ‘ಇಲ್ಲ, ನಿಮ್ಮ ಅಜ್ಜ ಇಲ್ಲಿ ಬೇರೆ ಹಾಡುತ್ತಿದ್ದರು’ ಎಂದು ತಿದ್ದುತ್ತಾರೆ. ಟೆನರ್ ಸಿಗುವುದು ಕಷ್ಟ. ಬರೆಯುತ್ತ ಹೋದಂತೆ ಅಜ್ಜನವರು ಎದುರಿಸಿದ ತೊಡಕೂ ಕಾಣತೊಡಗಿತು. ಕೊರಾಲ್ ರಾಗದಲ್ಲಿ ಒಂದೊಂದು ಸ್ವರಕ್ಕೆ ಒಂದೊಂದು ಅಕ್ಷರ, ಎಲ್ಲವೂ ಹೆಚ್ಚುಕಡಿಮೆ ಸಮ ನಡಿಗೆ. ಕನ್ನಡಕ್ಕೋ ಲಘು ಗುರುಗಳ ಬೇರೆಯದೇ ನಡೆ. ‘ಕರುಣೆ’ಯ ಮೂರು ಲಘುಗಳನ್ನು ಮೂರು ಉದ್ದ ಸ್ವರಗಳ ಮೇಲೆ ಕೂರಿಸಿದರೆ ಪದ ಎಳೆದಾಡಿದಂತಾಗುತ್ತದೆ. ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿದ, 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನು ಕೊಟ್ಟ ಫರ್ಡಿನಂಡ್ ಕಿಟ್ಟೆಲರಿಗೆ ಈ ಸೂಕ್ಷ್ಮ ತಿಳಿದಿತ್ತು. 1862ರಲ್ಲೇ ಅವರು ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿಗೆ ಒಗ್ಗಿಸಿ ಕಥಾಮಾಲೆಯನ್ನು ಬರೆದರು. ಆ ದಾರಿ ನಮ್ಮ ಆರಾಧನೆಯ ಹೆದ್ದಾರಿಯಾಗಲಿಲ್ಲವೆಂಬ ವ್ಯಥೆ ನನಗಿದೆ. ಆದರೂ ಅಜ್ಜನ ಪುಟಗಳಲ್ಲಿ, ಅವಸರದ ಅಕ್ಷರಗಳನ್ನು ಒಂದೇ ಸ್ವರದಡಿ ಜೋಡಿಸಿ ಕಮಾನು ಎಳೆದ ಕಡೆಗಳಲ್ಲಿ, ಯಾವ ಪಾಂಡಿತ್ಯವೂ ಇಲ್ಲದ ಒಂದು ಕನ್ನಡದ ಕಿವಿ ತನ್ನ ಕೆಲಸ ಮಾಡಿರುವುದು ಕಾಣುತ್ತದೆ.

ನನ್ನ ಕನಸು ಇದೇ ಆಗಿತ್ತೇ ಎಂದು ಅಮ್ಮ ಒಮ್ಮೆ ಕೇಳಿದರು. ಅಲ್ಲ. ನಾನು ಕಂಡದ್ದರಲ್ಲಿ ಪಿಯಾನೊ ಇತ್ತು, ಪದವಿಯಿತ್ತು, ನಲವತ್ತು ಮಂದಿಯ ವೃಂದದ ಮುಂದೆ ನಿಂತ ನಾನಿದ್ದೆ. ಶನಿವಾರದ ಕೋಣೆಯಲ್ಲಿರುವುದು ಬೆಳೆ ಹಬ್ಬದ ದುಡ್ಡಿನಲ್ಲಿ ಕೊಂಡ ಒಂದು ಕೀಬೋರ್ಡ್, ಪ್ಲಾಸ್ಟಿಕ್ ಕುರ್ಚಿಗಳು, ಎಂಟೋ ಒಂಬತ್ತೋ ಮಂದಿ. ಮೊದಲಿನದು ಕೈತಪ್ಪಿದ ದುಃಖ ಹೋಗಿಲ್ಲ, ಹೋಯಿತೆಂದು ನಾಟಕ ಮಾಡುವ ಅಗತ್ಯವೂ ಇಲ್ಲ. ಆದರೆ ಆ ಕನಸಿನಲ್ಲಿ ದೊಡ್ಡಮ್ಮ ಇರಲಿಲ್ಲ.

ವೃಂದದಲ್ಲಿ ಇಪ್ಪತ್ತೆರಡರ ಹುಡುಗಿಯೊಬ್ಬಳಿದ್ದಾಳೆ, ಆಲ್ಟೊ. ನರ್ಸಿಂಗ್ ಮುಗಿಸಿ, ಜರ್ಮನಿಯಲ್ಲಿ ಕೆಲಸಕ್ಕೆಂದು ಒಂದು ವರ್ಷದಿಂದ ಜರ್ಮನ್ ಭಾಷೆ ಕಲಿಯುತ್ತಿದ್ದಾಳೆ. ಅವಳ ತಾಯಿ ಪರೀಕ್ಷೆಯ ಪ್ರತಿ ಹಂತವನ್ನೂ ಪುಸ್ತಕದಲ್ಲಿ ಬರೆಸಿದ್ದಾರೆ. ಕೊನೆಯದರ ಪಕ್ಕ ಕಳೆದ ತಿಂಗಳು ‘ಸ್ತೋತ್ರ’ ಬರೆದೆ. ಬರೆಯುವಾಗ, ಆಲ್ಟೊಗೆ ಇನ್ನು ಉಳಿಯುವವರು ನಾನು ಮತ್ತು ದೊಡ್ಡಮ್ಮ ಇಬ್ಬರೇ ಎಂಬ ಯೋಚನೆ ಬಂದು ಪೆನ್ನು ಒಂದು ಗಳಿಗೆ ನಿಂತಿತ್ತು. ಹೋಗುವ ಮುಂಚೆ ಎಲ್ಲ ರಾಗಗಳ ಆಲ್ಟೊ ಬರೆದುಕೊಳ್ಳುತ್ತೇನೆ, ಅಲ್ಲಿನ ದೇವಾಲಯದಲ್ಲಿ ಇವು ಕೇಳಿಸಿದರೆ ಕನ್ನಡದಲ್ಲೇ ಹಾಡುತ್ತೇನೆ ಎಂದಳು.

ಕಳೆದ ಶನಿವಾರ ಅವಳು ಅಜ್ಜನ ರಿಜಿಸ್ಟರನ್ನು ಪಕ್ಕದಲ್ಲಿಟ್ಟುಕೊಂಡು ಬರೆಯುತ್ತಿದ್ದವಳು ತಲೆಯೆತ್ತಿ, ಸ್ವರಗಳ ಮೇಲೆ ಅಲ್ಲಲ್ಲಿ ಇರುವ ಈ ಸಣ್ಣ ಗೀರುಗಳು ಏನು ಎಂದು ಕೇಳಿದಳು. ನಾನು ಅವನ್ನು ಪೆನ್ಸಿಲಿನ ಕಲೆ ಎಂದುಕೊಂಡಿದ್ದೆ. ಕಂಡಕ್ಟರರು ಕನ್ನಡಕ ಏರಿಸಿ, ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೆರಳಿಟ್ಟು ನೋಡಿದರು. ಉಸಿರು, ಎಂದರು. ಗೂಡಿನ ಹೊಗೆ ಕುಡಿದವರಲ್ಲವೇ, ಉದ್ದದ ಸಾಲು ಒಂದೇ ಉಸಿರಿಗೆ ಬರುತ್ತಿರಲಿಲ್ಲ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಗುರುತು ಹಾಕಿಕೊಂಡಿದ್ದಾರೆ. ಅವಳು ಆ ಗೀರುಗಳನ್ನೂ ತನ್ನ ಪುಸ್ತಕಕ್ಕೆ ಇಳಿಸಿಕೊಂಡಳು. ಆಮೇಲೆ ಎಲ್ಲರೂ ಎದ್ದು ನಿಂತು ಆ ಹಾಡನ್ನು ಮೊದಲಿನಿಂದ ಹಾಡಿದೆವು, ಗೀರು ಬಂದಲ್ಲಿ ನಿಲ್ಲಿಸಿದೆವು, ಉಸಿರು ತೆಗೆದುಕೊಂಡೆವು, ಮಾಡಿನ ಮೇಲೆ ಮಳೆ ಕೇಳಿಸಿತು, ಮುಂದಿನ ಸಾಲು ಎತ್ತಿಕೊಂಡೆವು.